ಕೇಳಿದಾಗ ಬರೆದುಕೊಡುವ ನಕ್ಷೆ: ವೆಬ್ ನಕ್ಷೆಯ ಮೇಲೆ ಮ್ಯಾಪ್ ಸರ್ವರಿನ ಪದರಗಳು

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ದಂಡೆ ಮೀರಿ, ಅಫಜಲಪುರದ ಕಡೆಯಿಂದ ಯಾದಗಿರಿಯವರೆಗೆ ಹೊಲ, ಊರು, ರಸ್ತೆಗಳ ಮೇಲೆ ನೀರು ನಿಂತಾಗ, ಕಲಬುರಗಿಯಲ್ಲಿದ್ದ ನಾವು ನಾಲ್ಕೈದು ಮಂದಿ ಒಂದು ವೆಬ್ ನಕ್ಷೆ ಮಾಡಲು ಕೂತೆವು. ಉದ್ದೇಶ ಸರಳವಾಗಿತ್ತು: ಕೆಳಗೆ ರಸ್ತೆ ಮತ್ತು ಊರುಗಳ ಸಾಮಾನ್ಯ ನಕ್ಷೆ ಇರಬೇಕು, ಅದರ ಮೇಲೆ ಉಪಗ್ರಹ ಚಿತ್ರದಿಂದ ಗುರುತಿಸಿದ ನೀರಿನ ಹರಹು ನೀಲಿಯಾಗಿ ಕಾಣಬೇಕು, ನೋಡುವವರು ಮೊಬೈಲಿನಲ್ಲಿ ಬೆರಳಾಡಿಸಿ ತಮ್ಮ ಊರನ್ನು ತಲುಪಬೇಕು. ನೀರಿನ ಹರಹಿನ ಪದರ ಒಂದು ಮ್ಯಾಪ್ ಸರ್ವರಿನಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ನಮ್ಮ ನಕ್ಷೆಗೆ ಜೋಡಿಸುವುದು ಒಂದು ಸಾಲಿನ ಕೆಲಸ ಎಂದುಕೊಂಡಿದ್ದೆವು. ಜೋಡಿಸಿದೆವು. ಇಡೀ ಜಿಲ್ಲೆಯ ಮೇಲೆ ಬಿಳಿ ಬಟ್ಟೆ ಹಾಸಿದಂತಾಗಿ ಕೆಳಗಿನ ರಸ್ತೆಗಳೆಲ್ಲ ಮುಚ್ಚಿಹೋದವು. ಏನಾಯಿತೆಂದು ನೋಡಲು ಸರ್ವರಿನ ವಿಳಾಸವನ್ನು ಕೈಯಿಂದಲೇ ಬರೆದು ಬ್ರೌಸರಿನಲ್ಲಿ ತೆರೆದರೆ ಈ ಸಲ ಏನೂ ಕಾಣಲಿಲ್ಲ. ದೋಷದ ಸಂದೇಶವೂ ಬರಲಿಲ್ಲ.

ಈ ಎರಡೂ ತೊಂದರೆಗಳ ಮೂಲ ಒಂದೇ ಎಂಬುದು ನಮಗೆ ಆಮೇಲೆ ತಿಳಿಯಿತು. ಮ್ಯಾಪ್ ಸರ್ವರ್ ನಮಗೆ ನಕ್ಷೆಯನ್ನು ಕೊಡುವುದಿಲ್ಲ. ನಾವು ಹೇಳಿದ ಜಾಗದ, ಹೇಳಿದ ಅಳತೆಯ ಒಂದು ಚಿತ್ರವನ್ನು ಆ ಕ್ಷಣದಲ್ಲಿ ಬರೆದು ಕೊಡುತ್ತದೆ. ಹೇಳಿದ್ದರಲ್ಲಿ ತಪ್ಪಿದ್ದರೆ ಅದು ನಮ್ಮನ್ನು ತಿದ್ದುವುದಿಲ್ಲ, ತಪ್ಪನ್ನೇ ಅಚ್ಚುಕಟ್ಟಾಗಿ ಬರೆದು ಕಳಿಸುತ್ತದೆ. ಇಷ್ಟು ಮನಸ್ಸಿನಲ್ಲಿದ್ದರೆ ಈ ವಿಷಯದ ಮುಕ್ಕಾಲು ಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನಮ್ಮ ಭಾಗದ ಖಾನಾವಳಿಯಲ್ಲಿ ರೊಟ್ಟಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, ಕೇಳಿದ ಮೇಲೆ ತಟ್ಟಿ, ಬೇಯಿಸಿ, ತಾಟಿಗೆ ಹಾಕುವ ಬಿಸಿ ರೊಟ್ಟಿ. ಇನ್ನೊಂದು, ಮೊದಲೇ ಮಾಡಿ ಒಣಗಿಸಿ ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿ. ಖಡಕ್ ರೊಟ್ಟಿ ಕೈಗೆ ತಕ್ಷಣ ಬರುತ್ತದೆ, ಆದರೆ ಅದರ ಗಾತ್ರ, ದಪ್ಪ ಎಲ್ಲವೂ ಮಾಡಿದವರು ನಿರ್ಧರಿಸಿದ್ದು. ಬಿಸಿ ರೊಟ್ಟಿಗೆ ಕಾಯಬೇಕು, ಆದರೆ ಸಣ್ಣದು ಬೇಕು, ದೊಡ್ಡದು ಬೇಕು, ಎಳ್ಳು ಹಚ್ಚಿದ್ದು ಬೇಕು ಎಂದು ಹೇಳುವ ಅವಕಾಶ ನಮಗಿರುತ್ತದೆ. ವೆಬ್ ನಕ್ಷೆಗಳಲ್ಲೂ ಇದೇ ಎರಡು ದಾರಿಗಳಿವೆ. ರಸ್ತೆ, ಊರುಗಳನ್ನು ತೋರಿಸುವ ತಳದ ನಕ್ಷೆ ಸಾಮಾನ್ಯವಾಗಿ ಮೊದಲೇ ಬರೆದಿಟ್ಟ ಚೌಕಾಕಾರದ ತುಣುಕುಗಳಿಂದ, ಅಂದರೆ ಟೈಲ್‌ಗಳಿಂದ ಆಗಿರುತ್ತದೆ. ಅದರ ಮೇಲೆ ಹಾಸುವ ನೆರೆ, ಬೆಳೆ, ಮಣ್ಣು, ಗ್ರಾಮದ ಗಡಿ ಮುಂತಾದ ವಿಷಯಗಳ ಪದರಗಳು ಬಹುಮಟ್ಟಿಗೆ ಕೇಳಿದಾಗ ಬರೆದುಕೊಡುವ ಸೇವೆಯಿಂದ ಬರುತ್ತವೆ. ಆ ಸೇವೆಯ ಹೆಸರು ವೆಬ್ ಮ್ಯಾಪ್ ಸರ್ವಿಸ್. ಬಳಸುವವರು ಡಬ್ಲ್ಯೂಎಂಎಸ್ ಎಂದೇ ಕರೆಯುತ್ತಾರೆ.

ಡಬ್ಲ್ಯೂಎಂಎಸ್ ಒಂದು ತಂತ್ರಾಂಶವಲ್ಲ, ಒಂದು ಒಪ್ಪಂದ. 1994ರಲ್ಲಿ ಆರಂಭವಾದ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ ಎಂಬ ಒಕ್ಕೂಟ ಅದನ್ನು ಮೊದಲು 2000ದಲ್ಲಿ ಪ್ರಕಟಿಸಿತು. ಇಂದು ಬಳಕೆಯಲ್ಲಿರುವುದು ಮುಖ್ಯವಾಗಿ 1.1.1 ಮತ್ತು 1.3.0 ಎಂಬ ಎರಡು ಆವೃತ್ತಿಗಳು. ಎರಡನೆಯದು ಐಎಸ್‌ಒ 19128 ಎಂಬ ಅಂತರರಾಷ್ಟ್ರೀಯ ಮಾನಕವೂ ಆಗಿದೆ. ಜಿಯೋಸರ್ವರ್, ಮ್ಯಾಪ್‌ಸರ್ವರ್ ಮುಂತಾದ ಮುಕ್ತ ತಂತ್ರಾಂಶಗಳು ಈ ಒಪ್ಪಂದದಂತೆ ಚಿತ್ರ ಬರೆದುಕೊಡುತ್ತವೆ. ಲೀಫ್ಲೆಟ್, ಓಪನ್‌ಲೇಯರ್ಸ್‌ನಂತಹ ಜಾವಾಸ್ಕ್ರಿಪ್ಟ್ ಗ್ರಂಥಾಲಯಗಳು, ಅಂದರೆ ಸಿದ್ಧ ಕೋಡಿನ ಸಂಗ್ರಹಗಳು, ಬ್ರೌಸರಿನಲ್ಲಿ ಕೂತು ಆ ಚಿತ್ರಗಳನ್ನು ಕೇಳಿ ತರಿಸಿ ಹೊಂದಿಸುತ್ತವೆ. ಇಸ್ರೋ 2009ರಲ್ಲಿ ಆರಂಭಿಸಿದ ಭುವನ್ ತಾಣವೂ ಭೂಬಳಕೆಯಂತಹ ಹಲವು ಪದರಗಳನ್ನು ಇದೇ ಒಪ್ಪಂದದಡಿ ಹೊರಗಿನವರಿಗೆ ಕೊಡುತ್ತದೆ. ಕೊಡುವವನು ಯಾವ ತಂತ್ರಾಂಶ ಬಳಸುತ್ತಾನೆ ಎಂಬುದು ಕೇಳುವವನಿಗೆ ತಿಳಿಯಬೇಕಿಲ್ಲ ಎಂಬುದೇ ಈ ಒಪ್ಪಂದದ ದೊಡ್ಡ ಉಪಕಾರ.

ಒಪ್ಪಂದದಲ್ಲಿ ಕೇಳಬಹುದಾದ ಮುಖ್ಯ ಪ್ರಶ್ನೆಗಳು ಮೂರು. ನಿನ್ನ ಬಳಿ ಏನೇನಿದೆ ಎಂದು ಕೇಳುವುದು ಗೆಟ್‌ಕೇಪಬಿಲಿಟೀಸ್. ಉತ್ತರವಾಗಿ ಪದರಗಳ ಹೆಸರು, ಅವು ವ್ಯಾಪಿಸಿರುವ ಪ್ರದೇಶ, ಚಿತ್ರದ ನಮೂನೆಗಳು ಇವೆಲ್ಲದರ ಪಟ್ಟಿ ಬರುತ್ತದೆ. ಖಾನಾವಳಿಯ ಗೋಡೆಯ ಮೇಲಿನ ಬೋರ್ಡು ಇದ್ದಂತೆ. ಈ ಬೋರ್ಡನ್ನು ಓದದೆ ಪದರದ ಹೆಸರನ್ನು ಊಹಿಸಿ ಬರೆಯುವವರೇ ಹೆಚ್ಚು. ಅಲ್ಲಿ ಪ್ರತಿ ಪದರಕ್ಕೆ ಮನುಷ್ಯರು ಓದುವ ಶೀರ್ಷಿಕೆ ಒಂದು, ಯಂತ್ರಕ್ಕೆ ಕೊಡಬೇಕಾದ ಹೆಸರು ಇನ್ನೊಂದು ಇರುತ್ತದೆ. ನಾವು ಕಳಿಸಬೇಕಾದದ್ದು ಎರಡನೆಯದು. ಚಿತ್ರ ಬರೆದು ಕೊಡು ಎನ್ನುವುದು ಗೆಟ್‌ಮ್ಯಾಪ್. ಈ ಚುಕ್ಕೆಯಲ್ಲಿ ಏನಿದೆ ಹೇಳು ಎನ್ನುವುದು ಗೆಟ್‌ಫೀಚರ್‌ಇನ್ಫೋ.

ಗೆಟ್‌ಮ್ಯಾಪ್ ಕೋರಿಕೆಯನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು. ಅದು ಸರ್ವರಿನ ವಿಳಾಸದ ಮುಂದೆ ಅಂಟಿಸಿದ ಒಂದು ಉದ್ದ ಬಾಲ: ಆವೃತ್ತಿ ಯಾವುದು, ಯಾವ ಪದರಗಳು, ಯಾವ ಶೈಲಿ, ಯಾವ ನಿರ್ದೇಶಾಂಕ ಪದ್ಧತಿ (ಜಾಗವನ್ನು ಅಂಕಿಗಳಲ್ಲಿ ಹೇಳುವ ಕ್ರಮ), ಚಿತ್ರದಲ್ಲಿ ಇರಬೇಕಾದ ಪ್ರದೇಶದ ನಾಲ್ಕು ಅಂಚುಗಳು, ಚಿತ್ರದ ಅಗಲ ಮತ್ತು ಎತ್ತರ ಎಷ್ಟು ಪಿಕ್ಸೆಲ್, ನಮೂನೆ ಪಿಎನ್‌ಜಿಯೋ ಜೆಪೆಗ್ಗೋ, ಹಿನ್ನೆಲೆ ಪಾರದರ್ಶಕವೋ ಅಲ್ಲವೋ. ನಾಲ್ಕು ಅಂಚುಗಳನ್ನು ಹೇಳುವ ಭಾಗಕ್ಕೆ ಬಿಬಾಕ್ಸ್ ಎನ್ನುತ್ತಾರೆ, ಮತ್ತು ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಅಲ್ಲೇ.

ನಾವು ನಕ್ಷೆಯನ್ನು ಕಲಬುರಗಿ ನಗರದ ಮೇಲೆ 12ನೇ ಜೂಮ್ ಮಟ್ಟದಲ್ಲಿ ನಿಲ್ಲಿಸಿದ್ದೇವೆ ಎಂದುಕೊಳ್ಳೋಣ. ಬ್ರೌಸರ್ ಇಡೀ ಪರದೆಗೆ ಒಂದೇ ಚಿತ್ರ ಕೇಳುವ ಬದಲು, ತಳದ ನಕ್ಷೆಯ ಚೌಕಗಳಿಗೆ ಹೊಂದುವಂತೆ 256 ಪಿಕ್ಸೆಲ್ ಅಗಲ, 256 ಪಿಕ್ಸೆಲ್ ಎತ್ತರದ ತುಂಡುಗಳನ್ನು ಕೇಳುತ್ತದೆ. ಜೂಮ್ 0ರಲ್ಲಿ ಇಡೀ ಜಗತ್ತು ಒಂದೇ ಚೌಕದಲ್ಲಿ ಅಡಗಿರುತ್ತದೆ. ಪ್ರತಿ ಮಟ್ಟಕ್ಕೆ ಒಂದೊಂದು ಚೌಕವೂ ನಾಲ್ಕಾಗಿ ಒಡೆಯುತ್ತ ಹೋಗುವುದರಿಂದ 12ನೇ ಮಟ್ಟದಲ್ಲಿ ಜಗತ್ತಿಗೆ 1,67,77,216 ಚೌಕಗಳಾಗುತ್ತವೆ. ಅವುಗಳಲ್ಲಿ ಅಡ್ಡಸಾಲಿನಲ್ಲಿ 2922, ಲಂಬಸಾಲಿನಲ್ಲಿ 1847 ಎಂಬ ಸಂಖ್ಯೆಯ ಚೌಕದಲ್ಲಿ ಕಲಬುರಗಿ ನಗರದ ನಡುಭಾಗ ಬರುತ್ತದೆ. ಆ ಚೌಕದ ಬಿಬಾಕ್ಸ್, ವೆಬ್ ನಕ್ಷೆಗಳು ಸಾಮಾನ್ಯವಾಗಿ ಬಳಸುವ ವೆಬ್ ಮರ್ಕೇಟರ್ ಎಂಬ ನಿರ್ದೇಶಾಂಕ ಪದ್ಧತಿಯಲ್ಲಿ, ಪಶ್ಚಿಮ ಅಂಚು ಸುಮಾರು 85,51,163 ಮೀಟರ್, ಪೂರ್ವ ಅಂಚು 85,60,947 ಮೀಟರ್. ಅಂದರೆ ಅಗಲ 9,784 ಮೀಟರ್. ಆದರೆ ನೆಲದ ಮೇಲೆ ಅಳೆದರೆ ಅದು 9.3 ಕಿಲೋಮೀಟರಿನಷ್ಟೇ ಆಗುತ್ತದೆ. ವೆಬ್ ಮರ್ಕೇಟರ್ ಸಮಭಾಜಕ ವೃತ್ತದಿಂದ ದೂರ ಹೋದಂತೆಲ್ಲ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ; 17 ಡಿಗ್ರಿಯ ನಮ್ಮ ಅಕ್ಷಾಂಶದಲ್ಲಿ ಆ ಹಿಗ್ಗು ಶೇಕಡಾ 5ಕ್ಕೆ ಸ್ವಲ್ಪ ಕಡಿಮೆ. ನೋಡಲು ಇದು ಬಾಧಕವಲ್ಲ. ಹೊಲದ ವಿಸ್ತೀರ್ಣವನ್ನು ಈ ಮೀಟರುಗಳಿಂದಲೇ ಲೆಕ್ಕ ಹಾಕಲು ಹೊರಟರೆ ಹತ್ತು ಎಕರೆಗೆ ಸುಮಾರು ಒಂದು ಎಕರೆ ಹೆಚ್ಚು ಬರುತ್ತದೆ, ಪರಿಹಾರದ ಅರ್ಜಿಯಲ್ಲಿ ಅದು ಸಣ್ಣ ಮಾತಲ್ಲ. ಅಳತೆಗೆ, ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿಕೊಂಡು ಅಳೆಯುವ ಯುಟಿಎಂ ಪದ್ಧತಿ ಬಳಸಬೇಕು. ಕಲಬುರಗಿ, ಬೀದರ, ಯಾದಗಿರಿ ಮೂರೂ ಅದರ 43ನೇ ವಲಯದಲ್ಲಿ ಬರುತ್ತವೆ.

ಈಗ ನಮ್ಮ ಎರಡನೇ ತೊಂದರೆಗೆ, ಅಂದರೆ ಏನೂ ಕಾಣದ ನಕ್ಷೆಗೆ ಬರೋಣ. ಕೈಯಿಂದ ವಿಳಾಸ ಬರೆಯುವಾಗ ನಾವು ವೆಬ್ ಮರ್ಕೇಟರ್ ಬಿಟ್ಟು, ಎಲ್ಲರಿಗೂ ಪರಿಚಿತವಾದ ಅಕ್ಷಾಂಶ ರೇಖಾಂಶಗಳನ್ನೇ ಕೊಟ್ಟಿದ್ದೆವು. ಈ ಪದ್ಧತಿಗೆ ಇಪಿಎಸ್‌ಜಿ 4326 ಎಂಬ ಸಂಕೇತವಿದೆ. ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ ಎಂಬ ರೂಢಿಯಂತೆ 76.8, 17.3, 76.9, 17.4 ಎಂದು ಬರೆದೆವು. ಆವೃತ್ತಿ 1.1.1 ಆಗಿದ್ದರೆ ಇದು ಸರಿಯಾಗಿಯೇ ಇತ್ತು. ಆದರೆ ನಾವು ಹೊಸದೇ ಒಳ್ಳೆಯದೆಂದು 1.3.0 ಎಂದು ನಮೂದಿಸಿದ್ದೆವು, ಮತ್ತು ಆ ಆವೃತ್ತಿ ಇಪಿಎಸ್‌ಜಿ 4326ಕ್ಕೆ ಅಕ್ಷಾಂಶವನ್ನು ಮೊದಲು ಕೇಳುತ್ತದೆ. ಹಾಗಾಗಿ ಸರ್ವರ್ ನಮ್ಮ ಮಾತನ್ನು 76.8 ಡಿಗ್ರಿ ಉತ್ತರ, 17.3 ಡಿಗ್ರಿ ಪೂರ್ವ ಎಂದು ಓದಿಕೊಂಡಿತು. ಭೂಗೋಳದಲ್ಲಿ ಬೆರಳಿಟ್ಟು ನೋಡಿದರೆ ಆ ಜಾಗ ಆರ್ಕ್ಟಿಕ್ ಸಾಗರದ ಬದಿಯಲ್ಲಿ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಬರುತ್ತದೆ. ಹಿಮಕರಡಿಗಳ ಆ ನಾಡಿನಲ್ಲಿ ಭೀಮೆಯ ನೆರೆ ಎಲ್ಲಿಂದ ಬರಬೇಕು? ಸರ್ವರ್ ಅಲ್ಲಿ ಹುಡುಕಿತು, ಬರೆಯಲು ಏನೂ ಸಿಗಲಿಲ್ಲ, ಪೂರ್ತಿ ಪಾರದರ್ಶಕವಾದ ಖಾಲಿ ಚಿತ್ರವೊಂದನ್ನು ನಿಷ್ಠೆಯಿಂದ ಕಳಿಸಿತು. ಅದರ ದೃಷ್ಟಿಯಲ್ಲಿ ಕೆಲಸ ಸರಿಯಾಗಿಯೇ ಮುಗಿದಿತ್ತು. ಬೀದರದ ಅಂಕಿಗಳನ್ನು ತಿರುವಿ ಕೊಟ್ಟರೂ ಸ್ವಾಲ್ಬಾರ್ಡಿಗೇ ಹೋಗುತ್ತೇವೆ. ನಮ್ಮ ಭಾಗದವರಿಗೆ ಈ ತಪ್ಪಿನ ವಿಳಾಸ ಹೆಚ್ಚುಕಡಿಮೆ ಖಾಯಂ. ಲೀಫ್ಲೆಟ್, ಓಪನ್‌ಲೇಯರ್ಸ್ ಎರಡೂ ಈ ಕ್ರಮಪಲ್ಲಟವನ್ನು ತಾವೇ ನೋಡಿಕೊಳ್ಳುತ್ತವೆ. ಕೈಯಿಂದ ಬರೆಯುವವರು ಮಾತ್ರ ನೆನಪಿಡಬೇಕು, ಇನ್ನೊಂದು ವ್ಯತ್ಯಾಸದ ಜೊತೆಗೆ: ನಿರ್ದೇಶಾಂಕ ಪದ್ಧತಿಯನ್ನು ಹೇಳುವ ಪದ ಹಳೆಯ ಆವೃತ್ತಿಯಲ್ಲಿ ಎಸ್‌ಆರ್‌ಎಸ್, ಹೊಸದರಲ್ಲಿ ಸಿಆರ್‌ಎಸ್.

ಮೊದಲನೆಯ ತೊಂದರೆ, ಆ ಬಿಳಿ ಬಟ್ಟೆ, ಇನ್ನೂ ಸರಳ. ಲೀಫ್ಲೆಟ್‌ನಲ್ಲಿ ಬೇರೇನೂ ಹೇಳದಿದ್ದರೆ ಡಬ್ಲ್ಯೂಎಂಎಸ್ ಪದರವನ್ನು ಅದು ಜೆಪೆಗ್ ನಮೂನೆಯಲ್ಲಿ, ಪಾರದರ್ಶಕವಲ್ಲದ ಹಿನ್ನೆಲೆಯೊಂದಿಗೆ ಕೇಳುತ್ತದೆ. ಜೆಪೆಗ್‌ಗೆ ಪಾರದರ್ಶಕತೆ ಎಂಬುದೇ ಇಲ್ಲ. ನೀರು ಇಲ್ಲದ ಕಡೆಯೆಲ್ಲ ಸರ್ವರ್ ಬಿಳಿ ಬಳಿಯಿತು, ಅದು ರಸ್ತೆಗಳ ಮೇಲೆ ಕೂತಿತು. ನಮೂನೆಯನ್ನು ಪಿಎನ್‌ಜಿ ಎಂದೂ ಪಾರದರ್ಶಕ ಎಂದೂ ಬದಲಿಸಿದೊಡನೆ ಬಿಳಿ ಕರಗಿ ನೀಲಿ ಮಾತ್ರ ಉಳಿಯಿತು. ಹಾಗೆಂದು ಜೆಪೆಗ್ ಕೆಲಸಕ್ಕೆ ಬಾರದ್ದಲ್ಲ. ಇಡೀ ಪರದೆ ತುಂಬುವ ಉಪಗ್ರಹ ಚಿತ್ರವನ್ನು ತಳದ ಪದರವಾಗಿ ಬಳಸುವಾಗ ಅದೇ ಸೂಕ್ತ, ಏಕೆಂದರೆ ಅದರ ಕಡತ ಚಿಕ್ಕದಾಗಿರುತ್ತದೆ, ಹಳ್ಳಿಯ ದುರ್ಬಲ ನೆಟ್‌ವರ್ಕಿನಲ್ಲೂ ಬೇಗ ಇಳಿಯುತ್ತದೆ.

ಪದರಗಳ ಮೇಲುಕೆಳಗಿನ ಬಗ್ಗೆಯೂ ಇಲ್ಲೇ ಒಂದು ಮಾತು. ಒಂದೇ ಸರ್ವರಿನಿಂದ ನೀರಿನ ಹರಹು, ಗ್ರಾಮದ ಗಡಿ ಎರಡೂ ಬೇಕಿದ್ದರೆ ಅವುಗಳನ್ನು ಒಂದೇ ಕೋರಿಕೆಯಲ್ಲಿ ಅಲ್ಪವಿರಾಮ ಹಾಕಿ ಕೇಳಬಹುದು. ಮೊದಲು ಬರೆದ ಪದರ ಅಡಿಯಲ್ಲಿ, ಕೊನೆಗೆ ಬರೆದದ್ದು ಮೇಲೆ ಬರುತ್ತದೆ. ಹೀಗೆ ಕೇಳಿದರೆ ಕೋರಿಕೆಗಳ ಸಂಖ್ಯೆ ಅರ್ಧವಾಗುತ್ತದೆ, ಆದರೆ ಬರುವುದು ಬೆರೆತುಹೋದ ಒಂದೇ ಚಿತ್ರವಾದ್ದರಿಂದ ಬ್ರೌಸರಿನಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ಉಳಿಸಲಾಗುವುದಿಲ್ಲ. ನೋಡುವವರಿಗೆ ಪದರಗಳನ್ನು ತೆರೆದು ಮುಚ್ಚುವ ಸ್ವಾತಂತ್ರ್ಯ ಬೇಕಿದ್ದರೆ ಬೇರೆ ಬೇರೆಯಾಗಿಯೇ ಕೇಳಬೇಕು.

ಕೇಳಿದಾಗ ಬರೆಯುವ ಕ್ರಮಕ್ಕೆ ತೆರಬೇಕಾದ ಬೆಲೆ ಹೊರೆ. 1366 ಪಿಕ್ಸೆಲ್ ಅಗಲ, 768 ಪಿಕ್ಸೆಲ್ ಎತ್ತರದ ಸಾಧಾರಣ ಲ್ಯಾಪ್‌ಟಾಪ್ ಪರದೆಯನ್ನು ತುಂಬಲು 256ರ ಚೌಕಗಳು ಇಪ್ಪತ್ತನಾಲ್ಕು ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತವೆ. ಮೂರು ಪದರಗಳಿದ್ದರೆ ಒಂದೇ ನೋಟಕ್ಕೆ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳು, ಮತ್ತು ಪ್ರತಿಯೊಂದಕ್ಕೂ ಸರ್ವರ್ ದತ್ತಾಂಶದಲ್ಲಿ ಹುಡುಕಿ, ಬಣ್ಣ ಬಳಿದು, ಕಡತ ಮಾಡಿ ಕಳಿಸಬೇಕು. ನೆರೆಯ ದಿನ ನೂರಾರು ಮಂದಿ ಒಟ್ಟಿಗೆ ನಕ್ಷೆ ತೆರೆದರೆ ಒಲೆ ಒಂದೇ, ಊಟಕ್ಕೆ ಕೂತವರು ಸಾಲುಗಟ್ಟಲೆ ಎಂಬ ಸ್ಥಿತಿ. ಆದ್ದರಿಂದಲೇ ಒಮ್ಮೆ ಬರೆದ ತುಣುಕನ್ನು ಎತ್ತಿಟ್ಟು ಮುಂದಿನವರಿಗೆ ಅದನ್ನೇ ಕೊಡುವ ವ್ಯವಸ್ಥೆಗಳು ಬಂದವು. ಜಿಯೋಸರ್ವರಿನ ಜೊತೆಗೆ ಬರುವ ಜಿಯೋವೆಬ್‌ಕ್ಯಾಶ್ ಅಂಥದ್ದೊಂದು. ನಿಗದಿತ ಚೌಕಗಳನ್ನು ಮಾತ್ರ ಕೊಡುವ ಡಬ್ಲ್ಯೂಎಂಟಿಎಸ್ ಎಂಬ ಇನ್ನೊಂದು ಒಪ್ಪಂದವೂ 2010ರಲ್ಲಿ ಪ್ರಕಟವಾಯಿತು. ಎಲ್ಲವನ್ನೂ ಮೊದಲೇ ಬರೆದಿಟ್ಟುಬಿಡೋಣ ಎಂದರೆ 18ನೇ ಮಟ್ಟದಲ್ಲಿ ಜಗತ್ತಿಗೆ ಆರು ಸಾವಿರದ ಎಂಟುನೂರು ಕೋಟಿಗೂ ಹೆಚ್ಚು ಚೌಕಗಳಾಗುತ್ತವೆ. ನಮ್ಮ ಮೂರು ಜಿಲ್ಲೆಗಳಿಗಷ್ಟೇ ಮಾಡಿಡುವುದು ಸಾಧ್ಯ, ಆದರೆ ನೀರಿನ ಹರಹು ದಿನದಿನಕ್ಕೆ ಬದಲಾಗುವಾಗ ನಿನ್ನೆಯ ಬುಟ್ಟಿಯಿಂದ ತೆಗೆದುಕೊಟ್ಟದ್ದು ಇಂದಿನ ಸತ್ಯವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಯಮ ಇಷ್ಟೇ: ವರ್ಷಗಟ್ಟಲೆ ಬದಲಾಗದ ರಸ್ತೆ, ಗಡಿ, ಮಣ್ಣಿನ ಪದರಗಳು ಖಡಕ್ ರೊಟ್ಟಿಯಂತೆ ಸಂಗ್ರಹದಲ್ಲಿರಲಿ, ದಿನಾಂಕವೇ ಜೀವವಾಗಿರುವ ಪದರ ಮಾತ್ರ ಬಿಸಿಯಾಗಿ ಬರಲಿ. ಅಂಥ ಪದರಗಳಿಗೆ ಡಬ್ಲ್ಯೂಎಂಎಸ್‌ನಲ್ಲಿ ಟೈಮ್ ಎಂಬ ನಿಯತಾಂಕವೇ ಇದೆ. ಇಂಥ ದಿನದ್ದು ಬೇಕೆಂದು ಕೇಳಬಹುದು.

ದಿನಾಂಕದ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯಾಂತರ. ನೆರೆಯ ಹೊತ್ತಿನಲ್ಲಿ ಆಕಾಶದಲ್ಲಿ ಮೋಡ ಕವಿದಿರುತ್ತದೆ, ಸಾಮಾನ್ಯ ಉಪಗ್ರಹ ಚಿತ್ರದಲ್ಲಿ ಕಾಣುವುದು ಮೋಡದ ಬೆನ್ನು ಮಾತ್ರ. ಹಾಗಾಗಿ ಆ ಕೆಲಸಕ್ಕೆ ಸೆಂಟಿನೆಲ್-1ರಂತಹ ರಾಡಾರ್ ಉಪಗ್ರಹಗಳ ಚಿತ್ರ ಬೇಕು. ರಾಡಾರ್ ತರಂಗ ಮೋಡವನ್ನು ದಾಟಿ ಬರುತ್ತದೆ, ನಿಂತ ನೀರಿನ ನುಣುಪು ಮೈಗೆ ತಾಗಿ ಬೇರೆ ದಿಕ್ಕಿಗೆ ಚಿಮ್ಮುತ್ತದೆ, ಆದ್ದರಿಂದ ನೀರು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಮೋಡವಿಲ್ಲದ ದಿನವೂ ಬರಿಗಣ್ಣಿನ ಚಿತ್ರವನ್ನು ನಂಬುವುದು ಕಷ್ಟ, ನಮ್ಮ ಎರೆ ಭೂಮಿ ನೆನೆದರೆ ನೀರಿನಷ್ಟೇ ಕಪ್ಪು.

ಸರ್ವರ್ ಬರೆಯುವುದು ಬಣ್ಣವನ್ನಷ್ಟೇ ಅಲ್ಲ, ಅಕ್ಷರವನ್ನೂ. ಊರಿನ ಹೆಸರುಗಳಿರುವ ಪದರ ಕೇಳಿದರೆ ಆ ಹೆಸರುಗಳು ಚಿತ್ರದ ಭಾಗವಾಗಿಯೇ ಬರುತ್ತವೆ, ನಮ್ಮ ಮೊಬೈಲಿನಲ್ಲಿ ಎಷ್ಟೇ ಚೆನ್ನಾದ ಕನ್ನಡ ಫಾಂಟ್ ಇದ್ದರೂ ಪ್ರಯೋಜನವಿಲ್ಲ. ಸರ್ವರಿನ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಊರಿನ ಹೆಸರಿನ ಜಾಗದಲ್ಲಿ ಖಾಲಿ ಡಬ್ಬಿಗಳ ಸಾಲು ಕಾಣುತ್ತದೆ. ಫಾಂಟ್ ಇದ್ದು ಒತ್ತಕ್ಷರ ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ಚಿತ್ತಾಪುರ ಹೋಗಿ ಚಿತ್‌ತಾಪುರ, ಬಸವಕಲ್ಯಾಣ ಹೋಗಿ ಬಸವಕಲ್‌ಯಾಣ ಆಗುತ್ತದೆ. ಇನ್ನೊಂದು ವಿಚಿತ್ರವೂ ಇದೆ: ಪ್ರತಿ ಚೌಕವನ್ನೂ ಸರ್ವರ್ ಬೇರೆಯಾಗಿ ಬರೆಯುವುದರಿಂದ ಪಕ್ಕದ ಚೌಕದಲ್ಲಿ ಏನು ಬರೆದಿದ್ದೇನೆ ಎಂಬುದು ಅದಕ್ಕೆ ತಿಳಿದಿರುವುದಿಲ್ಲ. ಒಂದು ತಾಲ್ಲೂಕು ಹನ್ನೆರಡು ಚೌಕಗಳಲ್ಲಿ ಹರಡಿದ್ದರೆ ತಾಲ್ಲೂಕಿನ ಹೆಸರು ಹನ್ನೆರಡು ಸಲ ಬರಬಹುದು. ಅಂಚಿನಲ್ಲಿ ಸಿಕ್ಕಿದ ಹೆಸರು ಅರ್ಧಕ್ಕೆ ಕತ್ತರಿಸಿ ಹೋಗಬಹುದು. ಇದಕ್ಕೆ ಪರಿಹಾರ ಎರಡು. ಹೆಸರಿರುವ ಪದರವನ್ನು ಚೌಕಗಳಾಗಿ ಒಡೆಯದೆ ಪರದೆಗೆ ಒಂದೇ ದೊಡ್ಡ ಚಿತ್ರವಾಗಿ ಕೇಳಬೇಕು, ಓಪನ್‌ಲೇಯರ್ಸ್‌ನಲ್ಲಿ ಇದು ಸುಲಭ. ಇಲ್ಲವೇ ಹಲವು ಚೌಕಗಳನ್ನು ಒಟ್ಟಿಗೆ ಬರೆದು ಆಮೇಲೆ ಕತ್ತರಿಸುವಂತೆ ಸರ್ವರಿನಲ್ಲಿ ಹೊಂದಿಸಬೇಕು.

ಬಂದದ್ದು ಚಿತ್ರವಾದ್ದರಿಂದ ಅದರ ಮೇಲೆ ಬೆರಳೊತ್ತಿದರೆ ಅದು ತಾನಾಗಿ ಏನನ್ನೂ ಹೇಳಲಾರದು, ಅದಕ್ಕೆ ತಾನು ನೀರೆಂದೂ ತಿಳಿದಿಲ್ಲ, ಊರೆಂದೂ ತಿಳಿದಿಲ್ಲ. ಗೆಟ್‌ಫೀಚರ್‌ಇನ್ಫೋ ಬಳಕೆಗೆ ಬರುವುದು ಇಲ್ಲಿ. ಬ್ರೌಸರ್ ಅದೇ ಬಿಬಾಕ್ಸ್ ಅನ್ನು ಮತ್ತೆ ಕಳಿಸಿ, ಜೊತೆಗೆ ಎಡಮೇಲಿನ ಮೂಲೆಯಿಂದ ಇಷ್ಟನೇ ಪಿಕ್ಸೆಲ್ ಅಡ್ಡ, ಇಷ್ಟನೇ ಪಿಕ್ಸೆಲ್ ಕೆಳಗೆ ಎಂದು ಹೇಳುತ್ತದೆ. ಸರ್ವರ್ ತನ್ನ ದತ್ತಾಂಶದಲ್ಲಿ ಆ ಜಾಗವನ್ನು ಹುಡುಕಿ ಗ್ರಾಮದ ಹೆಸರನ್ನೋ ಸರ್ವೆ ನಂಬರನ್ನೋ ಹಿಂತಿರುಗಿಸುತ್ತದೆ. ಲೀಫ್ಲೆಟ್‌ನಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿಲ್ಲ, ಕೋರಿಕೆಯನ್ನು ನಾವೇ ಕಟ್ಟಬೇಕು. ಚಿತ್ರ ತೋರಿಸಲು ಅಡ್ಡಿಪಡಿಸದ ಬ್ರೌಸರ್ ಈ ಮಾಹಿತಿಯನ್ನು ಓದಲು ಹೊರಟಾಗ ಮಾತ್ರ, ಆ ಸರ್ವರ್ ಬೇರೆ ತಾಣಗಳಿಗೆ ಅನುಮತಿ ಕೊಟ್ಟಿದೆಯೇ ಎಂದು ತಡೆದು ಕೇಳುತ್ತದೆ. ನಕ್ಷೆ ಕಾಣುತ್ತದೆ, ಒತ್ತಿದರೆ ಉತ್ತರವಿಲ್ಲ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ.

ಪದರ ಕಾಣದಿದ್ದಾಗ ನಾನು ಮಾಡುವ ಮೊದಲ ಕೆಲಸ, ಬ್ರೌಸರಿನ ಡೆವಲಪರ್ ಪರಿಕರಗಳಲ್ಲಿ ನೆಟ್‌ವರ್ಕ್ ಭಾಗ ತೆರೆದು, ಬಾರದ ಒಂದು ಚೌಕದ ವಿಳಾಸವನ್ನು ಹೊಸ ಟ್ಯಾಬಿನಲ್ಲಿ ಹಾಕುವುದು. ಮೇಲುನೋಟಕ್ಕೆ ಎಲ್ಲವೂ ಸರಿ ಎಂಬ 200ರ ಸಂಕೇತ ಇದ್ದರೂ ಒಳಗೆ ಚಿತ್ರದ ಬದಲು ಪದರದ ಹೆಸರು ತಪ್ಪು, ಪದ್ಧತಿ ಗೊತ್ತಿಲ್ಲ ಎಂಬ ಎಕ್ಸ್‌ಎಂಎಲ್ ಬರಹ ಇರುತ್ತದೆ. ಚಿತ್ರವೆಂದು ತೆರೆಯಲು ಹೋದ ನಕ್ಷೆಗೆ ಅದು ಕಾಣುವುದೇ ಇಲ್ಲ. ಬರಹವೂ ಇಲ್ಲದೆ ಖಾಲಿ ಚಿತ್ರ ಬಂದರೆ ಬಿಬಾಕ್ಸ್ ನೋಡಬೇಕು, ಆಮೇಲೆ ಜೂಮ್ ನೋಡಬೇಕು, ಏಕೆಂದರೆ ಗ್ರಾಮದ ಗಡಿಯಂತಹ ಪದರಗಳಿಗೆ ಇಷ್ಟು ಹತ್ತಿರ ಬಂದಾಗ ಮಾತ್ರ ಕಾಣಬೇಕೆಂಬ ಮಿತಿಯನ್ನು ಸರ್ವರಿನವರು ಹಾಕಿರುತ್ತಾರೆ. ನಮ್ಮ ತಾಣ ಎಚ್‌ಟಿಟಿಪಿಎಸ್ ಆಗಿದ್ದು ಸರ್ವರ್ ಹಳೆಯ ಎಚ್‌ಟಿಟಿಪಿಯಲ್ಲೇ ಉಳಿದಿದ್ದರೆ ಬ್ರೌಸರ್ ಚಿತ್ರವನ್ನು ತಡೆದಿರುವ ಸಾಧ್ಯತೆಯೂ ಇದೆ.

ನಮ್ಮ ನೆರೆ ನಕ್ಷೆ ಕೊನೆಗೆ ನಿಂತದ್ದು ಹೀಗೆ: ತಳದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪಿನ ಸಿದ್ಧ ಚೌಕಗಳು, ಅದರ ಮೇಲೆ ದಿನಾಂಕ ಹೇಳಿ ತರಿಸಿಕೊಂಡ ನೀರಿನ ಹರಹು, ಎಲ್ಲಕ್ಕೂ ಮೇಲೆ ಒಂದೇ ಚಿತ್ರವಾಗಿ ಬರುವ ಗ್ರಾಮದ ಗಡಿ. ಎಲ್ಲವೂ ಸರಿಯಾದ ಮೇಲೂ ಒಂದು ಕೊರತೆ ಉಳಿದಿತ್ತು. ನೀಲಿ ಎಷ್ಟು ಗಾಢವಾಗಿತ್ತೆಂದರೆ ನೀರು ನಿಂತ ಊರುಗಳ ಹೆಸರೇ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದವು. ಪದರದ ಗಾಢತೆಯನ್ನು 1ರಿಂದ 0.5ಕ್ಕೆ ಇಳಿಸಿದೆವು; ಜೇವರ್ಗಿ ಕಡೆಯ ದಂಡೆಯ ಹಳ್ಳಿಗಳ ಹೆಸರುಗಳು ನೀಲಿಯ ಕೆಳಗಿನಿಂದ ಒಂದೊಂದಾಗಿ ಓದಲು ಬಂದವು.